ಬಂಧಿಸುವಾಗ ಪೊಲೀಸರು ಕಾರಣ ಹೇಳಲೇಬೇಕಾ?

ಓದುಗರ ಪ್ರಶ್ನೆ: ಪಕ್ಕದ ಮನೆ ಹುಡುಗನನ್ನು ರಾತ್ರಿ ಪೊಲೀಸರು ಬಂದು ಕರೆದುಕೊಂಡು ಹೋದರು. ಯಾಕೆ ಅಂತ ಅವರಮ್ಮ ಕೇಳಿದರೆ ‘ಸ್ಟೇಷನ್‌ಗೆ ಬನ್ನಿ, ಗೊತ್ತಾಗುತ್ತೆ’ ಅಂದರು. ಕಾರಣ ಹೇಳದೆ ಹೀಗೆ ಬಂಧಿಸಬಹುದಾ?

ಉತ್ತರ: ಇಲ್ಲ. ಬಂಧಿಸಿದವರಿಗೆ ಆದಷ್ಟು ಬೇಗ ಕಾರಣ ತಿಳಿಸಬೇಕು ಅಂತ ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ತಮಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕೆಂಬ ನಿಯಮ ಕೂಡ ಅದರಲ್ಲೇ ಇವೆ. ಪ್ರಯಾಣದ ಸಮಯ ಮಾತ್ರ ಈ 24 ಗಂಟೆಗೆ ಸೇರುವುದಿಲ್ಲ. ಗೂಂಡಾ ಕಾಯ್ದೆಯಂಥ ಮುನ್ನೆಚ್ಚರಿಕೆ ಬಂಧನದಲ್ಲಿ (ಮುಂದೆ ಅಪರಾಧ ಮಾಡದಂತೆ ಮೊದಲೇ ಹಿಡಿದಿಡುವುದು) ವಕೀಲರ ಮತ್ತು 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ. ಆದರೆ ಅಲ್ಲೂ ಕಾರಣ ತಿಳಿಸಲೇಬೇಕು.

‘ಕಳ್ಳತನದ ಕೇಸು’ ಅಂತ ಒಂದು ಮಾತು ಹೇಳಿದರೆ, ಸೆಕ್ಷನ್ ನಂಬರ್ ಓದಿದರೆ ಸಾಕಾ? ಸಾಲದು. ಎಲ್ಲಿ, ಯಾವಾಗ, ಏನು ನಡೆಯಿತು, ಅದರಲ್ಲಿ ಈ ವ್ಯಕ್ತಿಯ ಪಾತ್ರ ಏನು ಅಂತ ಪೊಲೀಸರು ಭಾವಿಸಿದ್ದಾರೆ ಅನ್ನುವುದು ತಿಳಿಯಬೇಕು. ‘ಸಾಕ್ಷ್ಯ ನಾಶ ಮಾಡಬಹುದು’ ಅನ್ನುವ ಸಾಲನ್ನು ಯಾರ ಮೇಲೆ ಬೇಕಾದರೂ ಬರೆಯಬಹುದು, ಅಲ್ವಾ? ಅಂಥ ಸಾಮಾನ್ಯ ಕಾರಣ ಬೇರೆ, ಈ ವ್ಯಕ್ತಿಯನ್ನೇ ಯಾಕೆ ಹಿಡಿದೆವು ಅನ್ನುವ ವಿವರ ಬೇರೆ ಅಂತ 2024ರ ಮೇನಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ವಿವರ ಗೊತ್ತಿಲ್ಲದೆ ಹೋದರೆ ವಕೀಲರು ರಿಮ್ಯಾಂಡ್ (ಕಸ್ಟಡಿಯಲ್ಲೇ ಇಡಲು ಮ್ಯಾಜಿಸ್ಟ್ರೇಟ್ ಕೊಡುವ ಆದೇಶ) ವಿರೋಧಿಸುವುದಾದರೂ ಹೇಗೆ? ಜಾಮೀನು ಕೇಳುವುದಾದರೂ ಹೇಗೆ?

ಬರೆದೇ ಕೊಡಬೇಕಾ ಅನ್ನುವ ಪ್ರಶ್ನೆ ಮಾತ್ರ ಬಹಳ ಕಾಲ ಎಳೆದಾಡಿತು. 2023ರಲ್ಲಿ ಪಂಕಜ್ ಬನ್ಸಾಲ್ ಪ್ರಕರಣದಲ್ಲಿ ಇ.ಡಿ. (ಜಾರಿ ನಿರ್ದೇಶನಾಲಯ) ಮಾಡುವ ಬಂಧನಕ್ಕೆ ಬರೆದೇ ಕೊಡಬೇಕು ಅನ್ನುವ ನಿಯಮ ಬಂತು. ನಮ್ಮಲ್ಲಿ ಎಲ್ಲರೂ ಗಮನಿಸಿದ್ದು ನಟ ದರ್ಶನ್ ಅವರ ಜಾಮೀನು ಪ್ರಕರಣ. 2025ರ ಆಗಸ್ಟ್‌ನಲ್ಲಿ ಜಾಮೀನು ರದ್ದು ಮಾಡುವಾಗ ಸುಪ್ರೀಂ ಕೋರ್ಟ್, ಕಾರಣ ಬರೆದು ಕೊಟ್ಟಿಲ್ಲ ಅನ್ನುವುದೊಂದರಿಂದಲೇ ಬಂಧನ ಕಾನೂನುಬಾಹಿರ ಆಗುವುದಿಲ್ಲ, ಅದರಿಂದ ಆರೋಪಿಗೆ ತೊಂದರೆಯಾಗಿದೆ ಅಂತ ತೋರಿಸಬೇಕು ಎಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಮಿಹಿರ್ ರಾಜೇಶ್ ಷಾ ಪ್ರಕರಣದ ತೀರ್ಪು ಬಂತು. ಯಾವ ಅಪರಾಧವೇ ಆಗಲಿ, ಕಾರಣವನ್ನು ಬರೆದು ಕೊಡಬೇಕು, ಅದೂ ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ. ಆ ಕ್ಷಣದಲ್ಲಿ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮ್ಯಾಂಡ್‌ಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಕಾಗದ ಕೈಗೆ ಕೊಡಬೇಕು. ನನ್ನ ಪ್ರಕಾರ ಇದರಲ್ಲಿ ಭಾಷೆಯ ಮಾತೇ ಎಲ್ಲಕ್ಕಿಂತ ದೊಡ್ಡದು. ಕನ್ನಡ ಮಾತ್ರ ಬಲ್ಲ ಕೂಲಿಯವನಿಗೆ ಪರವೂರಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರೆ ಅವನಿಗೆ ಏನೂ ತಿಳಿಸಿದಂತಾಗುವುದಿಲ್ಲ.

ಕೆಲವೊಮ್ಮೆ ‘ಇದು ಅರೆಸ್ಟ್ ಅಲ್ಲ, ಸುಮ್ನೆ ವಿಚಾರಣೆ’ ಅನ್ನುತ್ತಾರೆ. ಹಾಗಾದರೆ ಎದ್ದು ಮನೆಗೆ ಹೋಗಲು ಬಿಡಬೇಕು. ಬಿಡದೆ ಕೂರಿಸಿಕೊಂಡಿದ್ದರೆ 24 ಗಂಟೆಯ ಲೆಕ್ಕ ಆಗಿನಿಂದಲೇ ಶುರು ಅಂತ ಹೈಕೋರ್ಟ್‌ಗಳು ಹೇಳಿವೆ. ಹಾಗಾಗಿ ಮನೆಯಿಂದ ಕರೆದೊಯ್ದ ಸಮಯವನ್ನು ಮನೆಯವರು ತಕ್ಷಣ ಬರೆದಿಟ್ಟುಕೊಳ್ಳಿ.

ಆ ಹುಡುಗನ ಅಮ್ಮ ಈಗ ಠಾಣೆಯಲ್ಲಿ ಎರಡು ಕೇಳಬೇಕು: ಬಂಧನದ ಕಾರಣದ ಪ್ರತಿ ಮತ್ತು ಅರೆಸ್ಟ್ ಮೆಮೊ (ಬಂಧಿಸುವಾಗ ಪೊಲೀಸರು ಬರೆಯುವ ದಾಖಲೆ). ಮೆಮೊದಲ್ಲಿ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಇರಬೇಕು, ಬಂಧಿತನ ಸಹಿಯೂ ಇರಬೇಕು. 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ಈ ನಿಯಮ ಈಗ ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಸೆಕ್ಷನ್‌ನಲ್ಲಿದೆ. ಬಂಧನದ ಸುದ್ದಿಯನ್ನು ಮನೆಯವರಿಗೆ ಪೊಲೀಸರೇ ತಿಳಿಸಬೇಕು ಅನ್ನುವುದು 48ನೇ ಸೆಕ್ಷನ್.

ಠಾಣೆಯಲ್ಲಿ ಕೊಡದಿದ್ದರೆ ಜಗಳಕ್ಕೆ ಇಳಿಯಬೇಡಿ. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದಾಗ ‘ನನಗೆ ಕಾರಣ ತಿಳಿಸಿಲ್ಲ ಸ್ವಾಮಿ’ ಅಂತ ಹುಡುಗನೇ ಹೇಳಬಹುದು. ವಕೀಲರಿಲ್ಲದಿದ್ದರೆ ಅಲ್ಲೇ ಉಚಿತ ಕಾನೂನು ನೆರವು ಕೇಳಬಹುದು. ಕಾರಣ ತಿಳಿಸಿದ್ದಾರಾ ಅಂತ ನೋಡುವುದು ಮ್ಯಾಜಿಸ್ಟ್ರೇಟರ ಕರ್ತವ್ಯ, ತಿಳಿಸಿದ್ದೇವೆ ಅಂತ ತೋರಿಸುವ ಹೊಣೆ ಪೊಲೀಸರದು. 2025ರ ಫೆಬ್ರುವರಿಯ ವಿಹಾನ್ ಕುಮಾರ್ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ. ನಿಯಮ ಮುರಿದದ್ದು ಖಚಿತವಾದರೆ ಬಿಡುಗಡೆ ಆಗಬೇಕು. ಆದರೆ ಕೇಸು ಬಿದ್ದುಹೋಗುವುದಿಲ್ಲ. ತನಿಖೆ ಮುಂದುವರಿಯುತ್ತದೆ, ಸರಿಯಾಗಿ ಕಾರಣ ಬರೆದು ಕೊಟ್ಟು ಮತ್ತೆ ಕಸ್ಟಡಿ ಕೇಳಲೂಬಹುದು. ಅದಕ್ಕೇ ಹುಡುಗ ಮನೆಗೆ ಬಂದರೂ ವಕೀಲರನ್ನು ಬಿಡಬೇಡಿ.