ಶೇಕಡಾ ಎಷ್ಟು ತಡೆಯುತ್ತೆ ಸರ್?

ವಿಕಿರಣ ಎಷ್ಟು ತಡೆಯುತ್ತದೆ ಅಂತ ನನ್ನಿಂದ ಅಳೆಸಲು ಹಾಳೆ, ಇಟ್ಟಿಗೆ, ಪ್ಲಾಸ್ಟಿಕ್, ಏನೇ ತರಲಿ, ಎಲ್ಲರೂ ಕೇಳುವುದು ಇದೊಂದನ್ನೇ. ಒಂದು ನಂಬರ್ ಕೊಟ್ಟರೆ ಸಾಕು ಅವರಿಗೆ. ನಾನು ತಿರುಗಿ "ಯಾವ ವಿಕಿರಣ?" ಅಂತ ಕೇಳಿದರೆ ಸುಮ್ನೆ ಜಾರಿಕೊಳ್ತಿದ್ದೇನೆ ಅಂದುಕೊಳ್ಳುತ್ತಾರೆ.

ಒಮ್ಮೆ ಒಬ್ಬರು ಅರ್ಧ ಮಿಲಿಮೀಟರ್ ದಪ್ಪದ ಸೀಸದ ಹಾಳೆಯನ್ನು ಕ್ಯಾಲೆಂಡರ್ ಥರ ಸುತ್ತಿಕೊಂಡು ಬಂದರು. ಮೊದಲು ಅಮೆರಿಸಿಯಂ-241 ಅನ್ನುವ, ವಿಕಿರಣ ಸೂಸುವ ಸೋರ್ಸ್ ಮುಂದೆ ಹಿಡಿದೆ. ಅದರ ಗಾಮಾ ಕಿರಣದ ಎನರ್ಜಿ ಸುಮಾರು 60 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಿರಣದ ಎನರ್ಜಿ ಅಳೆಯುವ ಮಾನ). ನೂರರಲ್ಲಿ 94 ಅಲ್ಲೇ ನಿಂತವು. ಅವರ ಮುಖ ಅರಳಿತು. ಆಮೇಲೆ ಅದೇ ಹಾಳೆ, ಸೋರ್ಸ್ ಮಾತ್ರ ಸೀಸಿಯಂ-137, ಎನರ್ಜಿ 662. (ಸೀಸಿಯಂಗೂ ಸೀಸಕ್ಕೂ ಯಾವ ನಂಟೂ ಇಲ್ಲ, ಇದನ್ನೂ ದಿನಾ ಹೇಳಬೇಕು.) ಈ ಸಲ ನಿಂತದ್ದು ನೂರಕ್ಕೆ 6.

"ನಿಮ್ಮ ಮಷೀನ್ ಕೆಟ್ಟಿರಬೇಕು ಸರ್."

ಕೆಟ್ಟಿರಲಿಲ್ಲ. ಕಡಿಮೆ ಎನರ್ಜಿಯ ಕಿರಣವನ್ನು ಸೀಸದ ಪರಮಾಣು ಇಡಿಯಾಗಿ ನುಂಗಿಬಿಡುತ್ತದೆ. 662ರಲ್ಲಿ ಹಾಗಲ್ಲ. ಬಹಳಷ್ಟು ಕಿರಣಗಳು ಹಾಳೆಯನ್ನು ಮುಟ್ಟದ ಹಾಗೆ ದಾಟಿ ಹೋಗುತ್ತವೆ, ಡಿಕ್ಕಿ ಹೊಡೆದವುಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಸ್ವಲ್ಪ ಎನರ್ಜಿ ಕಳೆದುಕೊಂಡು ಬೇರೆ ದಿಕ್ಕಿಗೆ ತಿರುಗುತ್ತವೆ ಅಷ್ಟೇ. ಹೀಗೆ ತಿರುಗಿದವು ಕಿರಣ ಎಣಿಸುವ ಡಿಟೆಕ್ಟರ್ ಒಳಗೆ ನುಸುಳಿದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಕಿರಣವನ್ನು ಸಣ್ಣ ತೂತಿನಿಂದ ಬಿಡುವುದು, ಹಾಳೆಯನ್ನು ಡಿಟೆಕ್ಟರ್‌ಗೆ ಅಂಟಿಸದೆ ದೂರ ಇಡುವುದು. ನಾನು ಹೇಳಿದ ಅಂಕಿಗಳು ಹೀಗೆ ಅಳೆದಾಗಿನವು. ನಾಲ್ಕೂ ಕಡೆಯಿಂದ ಕಿರಣ ಬೀಳುವ ಜಾಗದಲ್ಲಿ ಹಾಳೆ ಇಷ್ಟೇ ತಡೆಯುತ್ತದೆ ಅಂತ ನಾನು ಬರೆದುಕೊಡುವುದಿಲ್ಲ.

ಇನ್ನು 6 ಅನ್ನುವ ಅಂಕಿಯೂ ಸುಲಭಕ್ಕೆ ಸಿಕ್ಕಿದ್ದಲ್ಲ. ಹತ್ತು ಸಾವಿರ ಕಿರಣ ಎಣಿಸಿದರೆ ನೂರು ಆಚೀಚೆ ಆಗುವುದು ಸಹಜ, ನಾವು ಹುಡುಕುವ ವ್ಯತ್ಯಾಸವೇ ಆರುನೂರು. ಹಾಗಾಗಿ ತುಂಬಾ ಹೊತ್ತು ಎಣಿಸಬೇಕು. ಬಂದವರು ಅಷ್ಟು ಹೊತ್ತು ಗಡಿಯಾರ ನೋಡ್ತಾ ಕೂರುತ್ತಾರೆ, ಪಾಪ.

"ಹಾಗಾದರೆ ದಪ್ಪ ಮಾಡಿದರೆ ಪೂರ್ತಿ ನಿಲ್ಲುತ್ತೆ ಅಲ್ವಾ?" ಇದು ಮುಂದಿನ ಪ್ರಶ್ನೆ, ಯಾವಾಗಲೂ. ಸೀಸಿಯಂ ಕಿರಣ ಅರ್ಧಕ್ಕಿಳಿಯಲು ಸೀಸ ಹತ್ತಿರ ಹತ್ತಿರ ಐದೂವರೆ ಮಿಲಿಮೀಟರ್ ಬೇಕು. ಹನ್ನೊಂದು ಹಾಕಿದರೆ ಸೊನ್ನೆ ಆಗುವುದಿಲ್ಲ, ಕಾಲು ಭಾಗ ಉಳಿಯುತ್ತದೆ. ಇನ್ನೂ ಐದೂವರೆ ಸೇರಿಸಿ, ಅರೆಕಾಲು. ಪೂರ್ತಿ ಅನ್ನುವುದು ಬರುವುದೇ ಇಲ್ಲ.

ಇಷ್ಟೆಲ್ಲ ಕೇಳಿಸಿಕೊಂಡು ಅವರು ಹಾಳೆ ಸುತ್ತಿಕೊಳ್ಳುತ್ತಾ ಅಂದರು: "ಸರಿ ಸರ್, ರಿಪೋರ್ಟ್‌ನಲ್ಲಿ 94 ಅಂತ ಮಾತ್ರ ಹಾಕಿ." ಎರಡೂ ಅಂಕಿ ಹಾಕಿದೆ, ಸೋರ್ಸ್ ಹೆಸರಿನ ಜೊತೆಗೆ, ಒಂದೇ ಸಾಲಿನಲ್ಲಿ.