ಫೋನ್ ಕೊಡಿ, ಪಾಸ್‌ವರ್ಡ್ ಹೇಳಿ ಅಂದಾಗ ಸಂವಿಧಾನ ಎಲ್ಲಿರುತ್ತದೆ?

ಪೊಲೀಸರು ಕೇಳಿದರೆ ಫೋನಿನ ಪಾಸ್‌ವರ್ಡ್ ಹೇಳಲೇಬೇಕಾ? ಒಬ್ಬ ವಕೀಲರು ಹೌದು ಅನ್ನುತ್ತಾರೆ, ಇನ್ನೊಬ್ಬರು ಬೇಕಿಲ್ಲ ಅನ್ನುತ್ತಾರೆ. ಇಬ್ಬರ ಕೈಯಲ್ಲೂ ಒಂದೊಂದು ಆದೇಶ ಇರುತ್ತದೆ. ಈ ಗೋಜಲು ಇವತ್ತಿನದಲ್ಲ.

ಅಮೆರಿಕದ ಸಂವಿಧಾನಕ್ಕೆ ನಾಲ್ಕನೇ ತಿದ್ದುಪಡಿ ಇದೆ. ಸರಿಯಾದ ಕಾರಣವಿಲ್ಲದೆ ಮನೆ, ಕಾಗದಪತ್ರ ಜಾಲಾಡುವ ಹಾಗಿಲ್ಲ. ನಮ್ಮ ಸಂವಿಧಾನದಲ್ಲಿ ಅಂಥ ವಿಧಿ ಇಲ್ಲ. ಯಾರಿಗೂ ಹೊಳೆಯಲಿಲ್ಲ ಅಂತೇನಲ್ಲ. 1947ರಲ್ಲೇ ಅಂಬೇಡ್ಕರ್ ಮತ್ತು ಕೆ.ಎಂ. ಮುನ್ಷಿ ತಂತಮ್ಮ ಕರಡುಗಳಲ್ಲಿ ಅದನ್ನು ಬರೆದಿದ್ದರು. ತನಿಖೆಗೆ ತೊಡಕಾಗುತ್ತದೆ ಎಂಬ ಆಕ್ಷೇಪ ಬಂತು, ಬಿಟ್ಟುಹೋಯಿತು. 1948ರ ಡಿಸೆಂಬರಿನಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಸಂವಿಧಾನ ಸಭೆಯಲ್ಲಿ ಅದನ್ನೇ ಮತ್ತೆ ತಂದರು. ಸಿಆರ್‌ಪಿಸಿಯಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಇಂಥ ನಿಯಮ ಆಗಲೇ ಇದೆ, ಆದರೂ ಸಂವಿಧಾನಕ್ಕೇ ಸೇರಿಸಿದರೆ ಒಳ್ಳೆಯದು ಎಂಬರ್ಥದಲ್ಲಿ ಅಂಬೇಡ್ಕರ್ ಮಾತಾಡಿದರು. ಕೊನೆಗೆ ಸೂಚನೆ ಬಿದ್ದುಹೋಯಿತು. ಆ ದಿನ ಆ ಎರಡು ಸಾಲು ಸೇರಿದ್ದರೆ ಮುಂದಿನ ಎಷ್ಟೋ ಕೇಸುಗಳೇ ಬೇಕಿರಲಿಲ್ಲ ಅನಿಸುತ್ತದೆ.

1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ದಾಲ್ಮಿಯಾ ಗುಂಪಿನ ಕಂಪನಿಗಳ ಮೇಲೆ ನಡೆದ ಶೋಧ, ರಾಶಿ ರಾಶಿ ದಾಖಲೆ ವಶ. ಸಂವಿಧಾನ ಬರೆದವರೇ ಇಂಥ ಹಕ್ಕು ಕೊಟ್ಟಿಲ್ಲ, ನಾವೆಲ್ಲಿಂದ ತರೋಣ ಎಂಬುದು ಎಂಟು ನ್ಯಾಯಮೂರ್ತಿಗಳ ತೀರ್ಪಿನ ಸಾರ. 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಅರ್ಧ ಹೆಜ್ಜೆ ಮುಂದಿಟ್ಟರು. ಉತ್ತರ ಪ್ರದೇಶದಲ್ಲಿ ನಿಗಾದಲ್ಲಿದ್ದ ಒಬ್ಬರ ಮನೆಗೆ ಪೊಲೀಸರು ಸರಿರಾತ್ರಿ ಬರೋರು, ಬಾಗಿಲು ಬಡಿಯೋರು, ಕೂಗಿ ಎಬ್ಬಿಸೋರು. ಅದು ತಪ್ಪು ಅಂತ ಕೋರ್ಟ್ ಹೇಳಿತು. ಆದರೆ ಖಾಸಗಿತನ ಮೂಲಭೂತ ಹಕ್ಕು ಅನ್ನುವುದನ್ನು ಬಹುಮತ ಒಪ್ಪಲಿಲ್ಲ.

ನನ್ನ ಪ್ರಕಾರ ನಿಜವಾದ ಗಂಟು ಬಿದ್ದಿದ್ದು 1973ರ ಪೂರಣ್ ಮಲ್ ತೀರ್ಪಿನಲ್ಲಿ. ಆದಾಯ ತೆರಿಗೆ ಶೋಧದ ವಿಷಯ. ಶೋಧ ಕಾನೂನು ಮೀರಿದ್ದರೂ ಸಿಕ್ಕ ಸಾಕ್ಷ್ಯ ಪ್ರಕರಣಕ್ಕೆ ಸಂಬಂಧಪಟ್ಟಿದ್ದರೆ ಅದನ್ನು ಬಳಸಬಹುದು ಅಂತಾಯಿತು. ನಿಯಮ ಮುರಿದರೂ ಕೇಸು ಬೀಳುವುದಿಲ್ಲ ಅಂದಮೇಲೆ ನಿಯಮದ ಬಗ್ಗೆ ಎಚ್ಚರ ಎಲ್ಲಿಂದ ಬರಬೇಕು, ಅಲ್ವಾ?

ಮಹಜರನ್ನೇ ನೋಡಿ. ಊರಿನ ಇಬ್ಬರು ಗೌರವಸ್ಥ ಸಾಕ್ಷಿಗಳ ಎದುರಲ್ಲೇ ಶೋಧ ನಡೆಯಬೇಕು, ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಬೇಕು ಅಂತ ಕಾನೂನು. ನಮ್ಮ ಕಡೆ ಮಹಜರು ಓದಿದವರಿಗೆ ‘ಪೊಲೀಸರು ಬರಮಾಡಿಕೊಂಡ ಮೇರೆಗೆ ಪಂಚರಾದ ನಾವು ಹಾಜರಾಗಿ’ ಎಂಬ ಸಾಲು ಬಾಯಿಪಾಠ. ಪಂಚರಲ್ಲಿ ಒಬ್ಬರು ಪಕ್ಕದ ಟೀ ಅಂಗಡಿಯವರು ಇರಬಹುದು. ವರ್ಷಗಳ ನಂತರ ಕಟಕಟೆ ಹತ್ತಿ, ‘ಠಾಣೆಯಲ್ಲಿ ಸಹಿ ಹಾಕು ಅಂದರು, ಹಾಕಿದೆ’ ಅಂದುಬಿಡುತ್ತಾರೆ. ಸರ್ಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ ಅಂತ ಘೋಷಿಸಿ ಅಂತ ಕೇಳುತ್ತಾರೆ, ವಿಚಾರಣೆ ಮುಂದೆ ಸಾಗುತ್ತದೆ.

2010ರಲ್ಲಿ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡಬಾರದು ಅಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಪ್ಪಿಕೊಂಡಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 63 ವರ್ಷ ಹಿಂದಿನ ಶರ್ಮಾ ತೀರ್ಪಿನಲ್ಲಿ ಇಂಥ ಹಕ್ಕಿಲ್ಲ ಎಂದಿದ್ದ ಭಾಗ ಅಲ್ಲಿಗೆ ರದ್ದಾಯಿತು.

ಅಷ್ಟರಲ್ಲಿ ಮನೆಯೇ ಫೋನಿನೊಳಗೆ ಬಂದಿತ್ತು. ಬೀರು ತೆಗೆದರೆ ಸೀರೆ, ಪತ್ರ, ಒಡವೆ ಸಿಗುತ್ತದೆ. ಫೋನ್ ತೆಗೆದರೆ ಬ್ಯಾಂಕು, ಡಾಕ್ಟರ ಚೀಟಿ, ಹೆಂಡತಿಗೆ ಬರೆದಿದ್ದು, ಯಾವ ದಿನ ಎಲ್ಲಿಗೆ ಹೋಗಿದ್ದೆವು, ಎಲ್ಲಾ. ಫೋನಿನಲ್ಲಿ ನಮ್ಮೊಂದಿಗೆ ಮಾತಾಡಿದ, ಕೇಸಿಗೆ ಸಂಬಂಧವೇ ಇಲ್ಲದವರ ಬದುಕೂ ಇರುತ್ತದೆ.

2021ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ನೇರವಾಗಿ ಕೈಗೆತ್ತಿಕೊಂಡಿತು. ಬೆಂಗಳೂರಿನ ಡ್ರಗ್ಸ್ ಪ್ರಕರಣ. ಪೊಲೀಸರು ಪಾಸ್‌ವರ್ಡ್ ಕೇಳಬಹುದು, ಆರೋಪಿ ಒಪ್ಪದಿದ್ದರೆ ಕೋರ್ಟಿನಿಂದ ಸರ್ಚ್ ವಾರಂಟ್ ತರಬೇಕು ಅಂತ ಹೇಳಿತು. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತಲೂ ಅಂದಿತು. ಫೋನನ್ನು ಸಿಗ್ನಲ್ ತಲುಪದ ಫ್ಯಾರಡೆ ಚೀಲದಲ್ಲಿಡಿ, ಆನ್ ಆಗಿದ್ದರೆ ಏರೋಪ್ಲೇನ್ ಮೋಡಿಗೆ ಹಾಕಿ ಎಂಬಲ್ಲಿಗೂ ಇಳಿದು ಬರೆದಿದೆ. ಇಷ್ಟು ಬಿಡಿಸಿ ಹೇಳಿದ್ದು ದೊಡ್ಡದು. ಆದರೆ ಮರುವರ್ಷ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ, ಪಾಸ್‌ವರ್ಡ್ ಇರುವುದು ಮನಸ್ಸಿನಲ್ಲಿ, ಬಲವಂತವಾಗಿ ಹೇಳಿಸುವ ಹಾಗಿಲ್ಲ ಎಂಬ ನಿಲುವು ತೆಗೆದುಕೊಂಡಿತು. 2023ರಲ್ಲಿ ಸುಪ್ರೀಂ ಕೋರ್ಟ್, ಫೋನು, ಲ್ಯಾಪ್‌ಟಾಪ್ ವಶಪಡಿಸಿಕೊಳ್ಳಲು ಮಾರ್ಗಸೂಚಿ ಬೇಕು ಅಂತ ಕೇಂದ್ರಕ್ಕೆ ಹೇಳಿತು.

2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 105ನೇ ಕಲಂ ಪ್ರಕಾರ ಶೋಧ, ವಶ, ಪಟ್ಟಿ ಮಾಡಿ ಪಂಚರ ಸಹಿ ಹಾಕಿಸುವವರೆಗೆ ಎಲ್ಲವನ್ನೂ ವಿಡಿಯೊ ಮಾಡಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಟೀ ಅಂಗಡಿಯವರ ಸಹಿ ಎಲ್ಲಿ ಬಿತ್ತು ಅಂತ ಇನ್ನಾದರೂ ಕಾಣುತ್ತದೆ. ಫೋನನ್ನು ಕವರಿಗೆ ಹಾಕಿ ಅರಗಿನ ಮುದ್ರೆ ಒತ್ತಿದ ಮೇಲೆ, ಅದನ್ನು ಮತ್ತೆ ತೆರೆದು ಯಾರ ಫೋಟೊ ನೋಡಿದರು, ಯಾವ ಮೆಸೇಜ್ ಓದಿದರು ಅಂತ ಬರೆದಿಡಬೇಕೆಂಬ ಸಾಲು ಮಾತ್ರ ಆ ಕಲಮಿನಲ್ಲಿ ಇಲ್ಲ.