ಮೀನಿನ ಕಿವಿರಿನಲ್ಲೊಂದು ಮಾತ್ರೆ

ಝೂಗಳಲ್ಲಿ ಪೆಂಗ್ವಿನ್‌ಗೆ ಮೀನು ಕೊಡುವವರು ಒಂದು ಮೀನಿನ ಕಿವಿರು ಎತ್ತಿ ಒಳಗೆ ಮಾತ್ರೆ ಸಿಕ್ಕಿಸುತ್ತಾರೆ. ಅದು ವಿಟಮಿನ್ ಬಿ1. ನಮ್ಮ ಬೂತಾಯಿಯ ಕುಟುಂಬಕ್ಕೇ ಸೇರಿದ ಹೆರಿಂಗ್‌ನಂಥ ಮೀನುಗಳಲ್ಲಿ ಈ ವಿಟಮಿನ್ನನ್ನು ಒಡೆದುಹಾಕುವ ಕಿಣ್ವ ಇದೆ. ಫ್ರೀಜರ್‌ನಲ್ಲಿಟ್ಟರೂ ಅದು ನಾಶವಾಗುವುದಿಲ್ಲ. ವಿಟಮಿನ್ ಕಡಿಮೆಯಾಗುತ್ತಾ ಹೋದರೆ ಹಕ್ಕಿಯ ನರಗಳಿಗೇ ಪೆಟ್ಟು. ಟಿಕೆಟ್ ಕೊಟ್ಟು ಒಳಗೆ ಹೋದ ನಮಗೆ ಇದೆಲ್ಲ ಗೊತ್ತಾಗುವುದಿಲ್ಲ ಅಲ್ವಾ? ಮತ್ತೆ ಇದನ್ನು ಪರೀಕ್ಷೆ ಮಾಡುವವರು ಯಾರು?

ಅಮೆರಿಕದಲ್ಲಿ ಪ್ರಾಣಿಗಳನ್ನು ಪ್ರದರ್ಶನಕ್ಕಿಡಲು ಸರ್ಕಾರಿ ಲೈಸೆನ್ಸ್ ಬೇಕು. ಆದರೆ 1966ರ ಪ್ರಾಣಿ ಕಲ್ಯಾಣ ಕಾಯ್ದೆಯ ಲೆಕ್ಕದಲ್ಲಿ ಮೀನು, ಹಾವು, ಕಪ್ಪೆಗಳು ಬರುವುದೇ ಇಲ್ಲ. ಶಾರ್ಕ್‌ಗೂ ಆ ರಕ್ಷಣೆ ಇಲ್ಲ. ಇದು ನನಗೆ ಸಣ್ಣ ಕೊರತೆ ಅನ್ನಿಸುವುದಿಲ್ಲ. ಇದನ್ನು ತುಂಬಲು ನೋಡುವುದು ಅಲ್ಲಿನ ಝೂ ಮತ್ತು ಅಕ್ವೇರಿಯಂಗಳದ್ದೇ ಸಂಘ, ಎಝಡ್‌ಎ. ಸಂಘ ಹುಟ್ಟಿದ್ದು 1924ರಲ್ಲಿ. ಝೂಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡಲು ಶುರು ಮಾಡಿದ್ದು 1974ರಲ್ಲಿ. ಮಾನ್ಯತೆ ಇಲ್ಲದ ಝೂಗೆ ಸದಸ್ಯತ್ವವೂ ಇಲ್ಲ ಎಂಬ ನಿಯಮ 1985ರಲ್ಲಿ ಬಂತು.

ಮಾನ್ಯತೆ ಬೇಕಾದ ಝೂ ಕೊಡಬೇಕಾದ್ದು ಮೊದಲು ಅರ್ಜಿ, ಜೊತೆಗೆ ರಾಶಿ ಕಾಗದಪತ್ರ. ಆಮೇಲೆ ಬೇರೆ ಝೂಗಳಲ್ಲಿ ಕೆಲಸ ಮಾಡುವ ಪಶುವೈದ್ಯರು, ಅನುಭವಸ್ಥರು ತಂಡವಾಗಿ ಬಂದು ಕೆಲವು ದಿನ ಉಳಿದು ತಪಾಸಣೆ ಮಾಡುತ್ತಾರೆ. ನನಗೆ ತುಂಬಾ ಮೆಚ್ಚುಗೆಯಾಗುವುದು ಇದೇ. ಇದೇ ಕೆಲಸ ಮಾಡಿ ಗೊತ್ತಿದ್ದವರ ಕಣ್ಣು ತಪ್ಪಿಸುವುದು ಕಷ್ಟ. ಆಹಾರ ತಯಾರಿಸುವ ಕೋಣೆ, ಹೊಸದಾಗಿ ಬಂದ ಪ್ರಾಣಿಗಳನ್ನು ಪ್ರತ್ಯೇಕವಾಗಿಡುವ ಜಾಗ, ಚಿಕಿತ್ಸೆಯ ದಾಖಲೆ, ಕೊನೆಗೆ ಹಣದ ಲೆಕ್ಕ, ಎಲ್ಲವೂ ಪರೀಕ್ಷೆಗೆ ಬರುತ್ತವೆ. ಪ್ರಾಣಿ ತಪ್ಪಿಸಿಕೊಂಡರೆ ಯಾರು ಏನು ಮಾಡಬೇಕು ಎಂದು ವರ್ಷಕ್ಕೊಮ್ಮೆಯಾದರೂ ಅಣಕು ಕಾರ್ಯಾಚರಣೆ ಮಾಡಿರಬೇಕು. ಅದರ ದಾಖಲೆಯನ್ನೂ ತೋರಿಸಬೇಕು. ಕೊನೆಯಲ್ಲಿ ಝೂ ಮುಖ್ಯಸ್ಥರು ಮಾನ್ಯತೆ ತೀರ್ಮಾನಿಸುವ ಎಝಡ್‌ಎ ಆಯೋಗದ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಮಾನ್ಯತೆ ಸಿಗಬಹುದು, ಒಂದು ವರ್ಷ ಮುಂದಕ್ಕೆ ಹೋಗಬಹುದು, ಇಲ್ಲವೇ ಆಗಲ್ಲ ಎನ್ನಬಹುದು. ಸಿಕ್ಕರೂ ಐದೇ ವರ್ಷ. ಮತ್ತೆ ಮೊದಲಿನಿಂದ.

ಭಾರತದಲ್ಲಿ ದಾರಿ ಬೇರೆ. ಇಲ್ಲಿ ಮಾನ್ಯತೆ ಕೊಡುವುದು ಸಂಘವಲ್ಲ, 1992ರಲ್ಲಿ ಕಾನೂನಿನಡಿ ರಚನೆಯಾದ ಕೇಂದ್ರ ಮೃಗಾಲಯ ಪ್ರಾಧಿಕಾರ. ಅದು ಬರುವ ಹೊತ್ತಿಗೆ ಮೈಸೂರು ಮೃಗಾಲಯಕ್ಕೆ ನೂರು ತುಂಬಿತ್ತು. ಇಲ್ಲಿ ಮಾನ್ಯತೆ ಇಲ್ಲದೆ ಝೂ ನಡೆಸುವ ಹಾಗೇ ಇಲ್ಲ. ಅಮೆರಿಕದಲ್ಲಿ ಎಝಡ್‌ಎ ಮಾನ್ಯತೆ ಇಲ್ಲದಿದ್ದರೂ ಗೇಟು ತೆರೆದಿರುತ್ತದೆ. ಆದರೆ ನಷ್ಟ ಜಾಸ್ತಿ. ಜಾತಕ ನೋಡುವ ಹಾಗೆ ವಂಶಾವಳಿ ನೋಡಿ, ಯಾವ ಝೂನ ಗಂಡಿಗೆ ಯಾವ ಝೂನ ಹೆಣ್ಣು ಎಂದು ಗೊತ್ತು ಮಾಡುವ ಸಂತಾನ ಯೋಜನೆಗಳು ನಡೆಯುವುದು ಮುಖ್ಯವಾಗಿ ಈ ಬಳಗದಲ್ಲೇ.

ಓಹಿಯೊ ರಾಜ್ಯದ ಕೊಲಂಬಸ್ ಝೂ ಅಮೆರಿಕದ ಹೆಸರಾಂತ ಝೂಗಳಲ್ಲಿ ಒಂದು. 2021ರಲ್ಲಿ ಎಝಡ್‌ಎ ಅದರ ಮಾನ್ಯತೆಯನ್ನೇ ಕಿತ್ತುಕೊಂಡಿತು. ಮೇಲಿನ ಅಧಿಕಾರಿಗಳು ಹಣ ದುರುಪಯೋಗ ಮಾಡಿಕೊಂಡಿದ್ದು ಒಂದು ಕಾರಣ. ಕಾರ್ಯಕ್ರಮಗಳಲ್ಲಿ ತೋರಿಸಲು ಮಾನ್ಯತೆ ಇಲ್ಲದ ಕಡೆಯಿಂದ ಪ್ರಾಣಿಗಳನ್ನು ತರಿಸಿದ್ದು ಇನ್ನೊಂದು. ಮೇಲ್ಮನವಿಯೂ ಬಿದ್ದುಹೋಯಿತು. ಝೂ ತನ್ನ ಮುಖ್ಯಸ್ಥರನ್ನು ಬದಲಿಸಿ, ನಿಯಮಗಳನ್ನು ತಿದ್ದಿ, ಮತ್ತೆ ಅರ್ಜಿ ಹಾಕಿತು. ಇನ್ನೊಂದು ತಂಡ ಬಂದು ನೋಡಿತು. ಮಾನ್ಯತೆ ವಾಪಸ್ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ.